ಒಂದೇ ಚಾಪೆ, ಮೂರು ವಯಸ್ಸು

ಜೂನ್ ತಿಂಗಳಲ್ಲಿ ಯಾವ ಅಂಗನವಾಡಿಗೆ ಹೋದರೂ ಅಮ್ಮನ ಸೆರಗು ಬಿಡದೆ ಅಳುವ ಮೂರು ವರ್ಷದ ಮಗುವೊಂದು ಇರುತ್ತದೆ. ಅದರ ಪಕ್ಕದಲ್ಲೇ, ಬರುವ ವರ್ಷ ಒಂದನೇ ತರಗತಿಗೆ ಹೋಗಲಿರುವ ಐದೂವರೆ ವರ್ಷದ ಮಗು. ಇಬ್ಬರಿಗೂ ಒಂದೇ ಚಾಪೆ, ಒಬ್ಬರೇ ಟೀಚರ್. ಸಹಾಯಕಿ ಅಡುಗೆಯಲ್ಲಿರುತ್ತಾರೆ. ವಯಸ್ಸು ನೋಡಿ ಎಲ್‌ಕೆಜಿ, ಯುಕೆಜಿ ಎಂದು ಬೇರೆ ಮಾಡಿದ ಶಾಲೆಗಳಲ್ಲೂ ಈ ಅಂತರ ಪೂರ್ತಿ ಹೋಗುವುದಿಲ್ಲ. ಒಂದೇ ತರಗತಿಯ ಇಬ್ಬರು ಮಕ್ಕಳ ನಡುವೆ ಹನ್ನೊಂದು ತಿಂಗಳ ವ್ಯತ್ಯಾಸ ಇರಬಹುದು. ನಾಲ್ಕು ವರ್ಷದ ಮಗುವಿಗೆ ಅದು ಇಡೀ ಆಯುಸ್ಸಿನ ಹೆಚ್ಚುಕಡಿಮೆ ಕಾಲುಭಾಗ.

ಇಂಥ ಕೋಣೆಯಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಎಲ್ಲರನ್ನೂ ಸಾಲಾಗಿ ಕೂರಿಸಿ ಚಾರ್ಟ್ ತೋರಿಸಿ ಒಟ್ಟಿಗೆ ಹೇಳಿಸುವುದು ಒಂದು. ಆಗ ದೊಡ್ಡವರಿಗೆ ಬೇಜಾರು, ಚಿಕ್ಕವರಿಗೆ ತಲೆಬುಡ ತಿಳಿಯದು. ಮೂರು ವಯಸ್ಸಿಗೆ ಮೂರು ಪಾಠ ಯೋಜನೆ ಬರೆಯುವುದು ಇನ್ನೊಂದು. ವಾರ ಕಳೆಯುವುದರೊಳಗೆ ಟೀಚರ್ ಸುಸ್ತಾಗಿ ಮತ್ತೆ ಚಾರ್ಟಿಗೇ ಬರುತ್ತಾರೆ. ಇವೆರಡನ್ನೂ ಬಿಟ್ಟು, ಒಂದೇ ಸಾಮಗ್ರಿಯನ್ನು ಬೇರೆ ಬೇರೆ ಆಳದಲ್ಲಿ ಬಳಸುವ ದಾರಿಯಿದೆ. ಅದು ನಡೆಯಬೇಕಾದರೆ ಸಾಮಗ್ರಿ ಮಗುವಿನ ಕೈಗೆ ಸಿಗುವಂತಿರಬೇಕು. ಮಗುವೇ ತೆಗೆದು, ಮಗುವೇ ವಾಪಸ್ ಇಡುವಂತಿರಬೇಕು. ಪ್ರತಿ ಮಗುವಿಗೂ ಬೀಜದ ಡಬ್ಬಿಯನ್ನು ಟೀಚರೇ ಎತ್ತಿಕೊಡುತ್ತಿದ್ದರೆ ನಾಲ್ಕು ಮಕ್ಕಳ ಜತೆ ಹತ್ತು ನಿಮಿಷ ನೆಮ್ಮದಿಯಾಗಿ ಕೂರಲು ಅವರಿಗೆ ಬಿಡುವೆಲ್ಲಿ? ಹಾಗಾಗಿ ಕಪಾಟು ಜೋಡಿಸುವುದೂ ಕಲಿಸುವ ಕೆಲಸದ ಭಾಗವೇ. ಅದನ್ನು ಮೇಲಧಿಕಾರಿಗಳು ಬರುವ ಹಿಂದಿನ ದಿನಕ್ಕೆ ಬಿಡಬಾರದು.

ಮೊದಲು ನೋಡುವುದು

ಗುಂಪು ಮಾಡುವ ಮುಂಚೆ ಎರಡು ಮೂರು ವಾರ ಮಕ್ಕಳನ್ನು ಸುಮ್ಮನೆ ನೋಡಬೇಕು. ಪರೀಕ್ಷೆ ಬೇಡ. ಆಟದ ನಡುವೆಯೇ ಲೆಕ್ಕ, ಮಾತು, ಕೈ ಹೇಗಿವೆ ಎಂದು ಗಮನಿಸಿದರೆ ಸಾಕು.

ಲೆಕ್ಕಕ್ಕೆ "ಇಪ್ಪತ್ತರ ತನಕ ಹೇಳು" ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಹಾಡಿನಂತೆ ಇಪ್ಪತ್ತರವರೆಗೆ ಒಪ್ಪಿಸುವ ಮಗು, ಬೀಜದ ಬಟ್ಟಲು ಮುಂದಿಟ್ಟು "ನಂಗೆ ಐದು ಕೊಡು" ಅಂದರೆ ಹಿಡಿ ತುಂಬ ಎತ್ತಿಕೊಡುವುದುಂಟು. ಒಂದಕ್ಕೆ ಒಂದೇ ಸಂಖ್ಯೆ, ಸಂಖ್ಯೆಗಳಿಗೆ ತಪ್ಪದ ಕ್ರಮ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಎನ್ನುವುದಕ್ಕೆ ಉತ್ತರ: ಇವೆಲ್ಲ ಬೇರೆ ಬೇರೆ ತಿಳಿವಳಿಕೆಗಳು. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಮನೋವಿಜ್ಞಾನಿಗಳು 1978ರಲ್ಲಿ ಎಣಿಕೆಯ ಇಂಥ ಐದು ತತ್ವಗಳನ್ನು ಬಿಡಿಸಿ ತೋರಿಸಿದರು. ಒಂದು ಬಟ್ಟಲು ಬೀಜ, ಒಂದು ಪ್ರಶ್ನೆ ಇದ್ದರೆ ಮಗು ಇವುಗಳಲ್ಲಿ ಎಲ್ಲಿದೆ ಎಂದು ಟೀಚರಿಗೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಮಾತಿಗೆ ಒಂದು ಸಂತೆಯ ಚಿತ್ರ ತೋರಿಸಿ. ಒಂದು ಮಗು "ಬಾಳೆಹಣ್ಣು" ಎಂದು ಬೆರಳಿಡುತ್ತದೆ. ಇನ್ನೊಂದು "ಅಜ್ಜಿ ಬಾಳೆಹಣ್ಣು ಮಾರ್ತೈತೆ" ಅನ್ನುತ್ತದೆ. ಮತ್ತೊಂದು "ಮಳೆ ಬತ್ತೈತೆ, ಅದ್ಕೆ ಅಜ್ಜಿ ಗೋಣಿಚೀಲ ಹೊದ್ಕಂಡೈತೆ" ಎಂದು ಕಾರಣವನ್ನೂ ಜೋಡಿಸುತ್ತದೆ. ಹೆಸರು ಹೇಳುವ, ಸಂಗತಿ ಹೇಳುವ, ಕಾರಣ ಹೇಳುವ ಈ ಮೂವರಿಗೆ ನಾಳೆ ಕಥೆ ಹೇಳುವಾಗ ಕೇಳಬೇಕಾದ ಪ್ರಶ್ನೆಗಳೂ ಬೇರೆಯಾಗುತ್ತವೆ. ಇನ್ನು ಕೈ: ಅಂಗಿಯ ಗುಂಡಿ ಹಾಕಲು ಬರುತ್ತದೆಯೇ, ಡಬ್ಬಿಯ ಮುಚ್ಚಳ ತಿರುಗಿಸುತ್ತದೆಯೇ, ಕ್ರೆಯಾನ್ ಹಿಡಿಯುವುದು ಮುಷ್ಟಿಯಲ್ಲೋ ಬೆರಳಲ್ಲೋ?

ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡು ಮಗುವಿಗೆ ಎರಡು ಪುಟದಂತೆ ಬಿಡಿ. ದಿನಕ್ಕೆ ಮೂರೇ ಮಕ್ಕಳ ಬಗ್ಗೆ ಒಂದೊಂದು ಸಾಲು ಬರೆದರೆ ಸಾಕು. "ಚುರುಕು", "ಮಂದ" ಎಂದು ಬರೆದರೆ ನಾಳೆಯ ಕೆಲಸಕ್ಕೆ ಯಾವ ಉಪಯೋಗವೂ ಇಲ್ಲ. "ಜೂನ್ 18: ಮೂರು ಕೇಳಿದರೆ ಸರಿಯಾಗಿ ಕೊಟ್ಟಳು, ಐದು ಕೇಳಿದರೆ ಎಂಟು ಕೊಟ್ಟಳು" ಎಂದು ಬರೆದರೆ ನಾಳೆ ನಾಲ್ಕರಿಂದ ಶುರುಮಾಡಬೇಕು ಎಂಬುದು ಅಲ್ಲೇ ಕಾಣುತ್ತದೆ. ಎರಡು ಮೂರು ವಾರದ ನಂತರ ಈ ಪುಟಗಳನ್ನು ತಿರುವಿದರೆ, ಮಾತಿನಲ್ಲಿ ಮುಂದಿರುವ ಮಗು ಕೈಕೆಲಸದಲ್ಲಿ ಹಿಂದಿರುವುದು, ಬಾಯಿಬಿಡದ ಮಗು ಎಣಿಕೆಯಲ್ಲಿ ಗಟ್ಟಿಯಿರುವುದು ಗೊತ್ತಾಗುತ್ತದೆ. ಈ ಕಾರಣಕ್ಕೇ ವರ್ಷಪೂರ್ತಿ ಬದಲಾಗದ "ಜಾಣರ ಗುಂಪು" ಮಾಡಬಾರದು. ಲೆಕ್ಕಕ್ಕೆ ಒಂದು ಗುಂಪು, ಕಥೆಗೆ ಇನ್ನೊಂದು. ಅದೂ ತಿಂಗಳಿಗೊಮ್ಮೆ ಬದಲಾಗುತ್ತಿರಲಿ.

ಒಂದು ಮಣೆ, ಹಲವು ಆಟ

ಒಂದೇ ಸಾಮಗ್ರಿ ಬೇರೆ ಬೇರೆ ಮಕ್ಕಳಿಗೆ ಹೇಗೆ ಒದಗುತ್ತದೆ ಎಂಬುದಕ್ಕೆ ನಮ್ಮ ಅಳಗುಳಿ ಮಣೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕರಾವಳಿಯವರಿಗೆ ಇದು ಚೆನ್ನೆಮಣೆ. ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು 14 ಗುಳಿ.

ಚಿಕ್ಕ ಮಗುವಿಗೆ ಹೇಳುವುದು ಇಷ್ಟೇ: ಒಂದೊಂದು ಮನೆಗೆ ಒಂದೊಂದು ಬೀಜ ಹಾಕು. ಒಂದು ಮನೆಗೆ ಎರಡು ಬೀಳುತ್ತದೆ, ಇನ್ನೊಂದು ಮನೆ ಬಿಟ್ಟುಹೋಗುತ್ತದೆ. ಮಧ್ಯೆ ಬಾಯಿಹಾಕದೆ ಕಾಯಿರಿ. ಮುಗಿದ ಮೇಲೆ "ಎಲ್ಲಾ ಮನೆಗೂ ಬೀಜ ಬಂತಾ ಪುಟ್ಟಾ?" ಎಂದು ಕೇಳಿದರೆ ಮಗು ಮಣೆಯ ಮೇಲೆ ಬೆರಳಾಡಿಸಿ ಖಾಲಿ ಗುಳಿಯನ್ನು ತಾನೇ ಹುಡುಕುತ್ತದೆ, ಎರಡಿರುವ ಕಡೆಯಿಂದ ಒಂದನ್ನು ಎತ್ತಿ ಅಲ್ಲಿಗೆ ಹಾಕುತ್ತದೆ. ಒಂದಕ್ಕೆ ಒಂದು ಎಂಬ ತತ್ವವನ್ನು ಅದು ಬೆರಳಿನಿಂದಲೇ ಕಲಿಯಿತು.

ನಡುವಿನ ಮಗುವಿಗೆ ಚುಕ್ಕಿ ಕಾರ್ಡು ಕೊಡಿ. ಗುಳಿಯ ಮುಂದಿಟ್ಟ ಕಾರ್ಡಿನಲ್ಲಿ ನಾಲ್ಕು ಚುಕ್ಕಿ ಇದ್ದರೆ ಗುಳಿಗೆ ನಾಲ್ಕು ಬೀಜ. ಅದು ಹಿಡಿತಕ್ಕೆ ಬಂದ ಮೇಲೆ ಚುಕ್ಕಿಯ ಜಾಗಕ್ಕೆ ಅಂಕಿ ಬರಲಿ. ಅಕ್ಕಪಕ್ಕದ ಎರಡು ಗುಳಿ ತೋರಿಸಿ "ಯಾವುದರಲ್ಲಿ ಜಾಸ್ತಿ?" ಎಂದು ಕೇಳಬಹುದು. ಕೆಲವರು ಎಣಿಸುತ್ತಾರೆ, ಕೆಲವರು ಜೋಡಿ ಮಾಡಿ ನೋಡುತ್ತಾರೆ. ಎರಡೂ ಸರಿಯೇ, ಯಾರು ಯಾವ ದಾರಿ ಹಿಡಿದರು ಎಂಬುದನ್ನು ನೋಟ್‌ಬುಕ್ಕಿಗೆ ಹಾಕಿಕೊಳ್ಳಿ.

ಐದು ದಾಟಿದವರು ನಿಜವಾದ ಆಟಕ್ಕೇ ಕೂರಲಿ. ಗುಳಿಗೆ ನಾಲ್ಕರಂತೆ 56 ಬೀಜ. ನಿಯಮಗಳು ಊರಿಂದೂರಿಗೆ ಬೇರೆ. ಮಕ್ಕಳ ಅಜ್ಜಿಯರು ಹೇಳಿದ್ದೇ ಸರಿ. ಟೀಚರ್ ಸೇರಿಸಬೇಕಾದ್ದು ಒಂದೇ ಪ್ರಶ್ನೆ. ಮಗು ಒಂದು ಗುಳಿಯಿಂದ ಬೀಜ ಎತ್ತಿಕೊಂಡಾಗ, ಹಂಚಲು ಶುರುಮಾಡುವ ಮುಂಚೆ, "ನಿನ್ನ ಕೊನೇ ಬೀಜ ಯಾವ ಮನೆಗೆ ಬೀಳುತ್ತೆ ಹೇಳು ನೋಡೋಣ" ಅನ್ನಬೇಕು. ಮಗು ಕೈ ನಿಲ್ಲಿಸಿ ಕಣ್ಣಿನಲ್ಲೇ ಒಂದೊಂದು ಗುಳಿ ದಾಟುತ್ತದೆ. ಬೀಜ ಮುಟ್ಟದೆ ಮನಸ್ಸಿನಲ್ಲೇ ಲೆಕ್ಕ ಹಾಕುವುದು ಇಲ್ಲಿಂದ ಆರಂಭವಾಗುತ್ತದೆ.

ಮಣೆ ಇಲ್ಲದ ಕಡೆ ಮೊಟ್ಟೆಯ ಟ್ರೇ ಆಗುತ್ತದೆ. ಮೂವತ್ತು ಮೊಟ್ಟೆಯ ಟ್ರೇಯಿಂದ ಆರರ ಎರಡು ಸಾಲು ಕತ್ತರಿಸಿಕೊಂಡರೆ 12 ಗುಳಿಯ ಮಣೆ ಸಿದ್ಧ. ಅಂಗಳದ ಮಣ್ಣಿನಲ್ಲಿ ಗುಳಿ ತೋಡಿದರೂ ಆಟ ನಡೆಯುತ್ತದೆ.

ಈ ಮಣೆಯಂತೆ ತಪ್ಪನ್ನು ತಾನೇ ತೋರಿಸಿಕೊಡುವ ಸಾಮಗ್ರಿ ಎಂಬ ವಿಚಾರ ಮಾರಿಯಾ ಮಾಂಟೆಸ್ಸರಿ ಅವರದು. 1907ರಲ್ಲಿ ರೋಮ್ ನಗರದ ಬಡವರ ಬೀದಿಯೊಂದರಲ್ಲಿ ಅವರು ಮೊದಲ ಮಕ್ಕಳ ಮನೆ ತೆರೆದರು. ಒಂದರಿಂದ ಹತ್ತು ಸೆಂಟಿಮೀಟರ್‌ವರೆಗಿನ ಹತ್ತು ಘನಗಳ ಅವರ ಗುಲಾಬಿ ಗೋಪುರದಲ್ಲಿ ಒಂದು ಘನ ತಪ್ಪಿದರೂ ಮಗುವಿನ ಕಣ್ಣಿಗೇ ಕಾಣುತ್ತದೆ. ಆದರೆ ಆ ದುಬಾರಿ ಸಾಮಗ್ರಿಯೇ ಬೇಕು ಎಂದೇನೂ ಇಲ್ಲ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಶುರುಮಾಡಿದ ಗಿಜುಭಾಯಿ ಬಧೇಕಾ ಈ ವಿಚಾರವನ್ನು ನಮ್ಮ ಮಕ್ಕಳಿಗೆ ಹೊಂದಿಸಿದರು. ಮಹಾರಾಷ್ಟ್ರದ ಬೋರ್ಡಿ, ಕೋಸಬಾಡದ ಹಳ್ಳಿಗಳಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಸುತ್ತಮುತ್ತ ಸಿಗುವ ವಸ್ತುಗಳಿಂದಲೇ ಕಲಿಕಾ ಸಾಮಗ್ರಿ ಮಾಡಿದರು. ಹುಣಸೆಬೀಜ ಆರಿಸುತ್ತಾ ಕೂತ ಟೀಚರ್ ಇಂಥ ದೊಡ್ಡ ಪರಂಪರೆಗೆ ಸೇರಿದವರು.

ಬೀಜದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಗುಲಗಂಜಿ ನೋಡಲು ಎಷ್ಟೇ ಚೆಂದವಿದ್ದರೂ ಕೋಣೆಯೊಳಗೆ ತರಲೇಬೇಡಿ; ಅದು ಕಡುವಿಷ. ಹರಳು ಬೀಜವೂ ಅಷ್ಟೇ. ಹುಣಸೆ, ಮಂಜೊಟ್ಟಿಯಂಥವನ್ನು ಇಟ್ಟುಕೊಂಡರೂ, ಇನ್ನೂ ಎಲ್ಲವನ್ನೂ ಬಾಯಿಗೋ ಮೂಗಿಗೋ ಹಾಕಿಕೊಳ್ಳುವ ಮಗುವಿನ ಕೈಗೆ ಬೀಜ ಕೊಡಬಾರದು. ಮೂರು ವರ್ಷದೊಳಗಿನವರ ಆಟಿಕೆಯನ್ನು ಪರೀಕ್ಷಿಸಲು 31.7 ಮಿಲಿಮೀಟರ್ ವ್ಯಾಸದ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಹಿಡಿಯುವ ಯಾವುದೇ ವಸ್ತು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎಂದರ್ಥ. ನೀರಿನ ಬಾಟಲಿಯ ಮುಚ್ಚಳವೂ ಅದರೊಳಗೆ ಹೋಗುತ್ತದೆ. ಅಣ್ಣನ ಜತೆ ಬರುವ ಪುಟ್ಟ ತಂಗಿಯರಿರುವ ಕೋಣೆಗಳಲ್ಲಿ ಇದನ್ನು ಮರೆಯುವ ಹಾಗಿಲ್ಲ. ಅಂಥವರಿಗೆ ನಿಂಬೆಹಣ್ಣಿಗಿಂತ ದೊಡ್ಡದಾದ ಬಟ್ಟೆಯ ಉಂಡೆಗಳನ್ನೂ ಸಾಲಾಗಿಟ್ಟ ಬಟ್ಟಲುಗಳನ್ನೂ ಕೊಟ್ಟರೆ ಅದೇ ಆಟ ನಡೆಯುತ್ತದೆ. ಅಂಗಡಿಯಿಂದಲೇ ತರುವುದಾದರೆ ಆಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿದ ಚನ್ನಪಟ್ಟಣದ ಆಟಿಕೆಗಳಿವೆ. ಗಾತ್ರ ನೋಡಿ ಆರಿಸಿ.

ಕಥೆ, ಬಳಪ

ಕಥೆಗೂ ಇದೇ ಲೆಕ್ಕ. ಕಥೆಯನ್ನು ಎಲ್ಲರಿಗೂ ಒಟ್ಟಿಗೇ ಹೇಳಿ. ಆಮೇಲೆ ಚಿಕ್ಕವರು ಮೊಲ, ಆಮೆಯ ಬೊಂಬೆ ಎತ್ತಿ ತೋರಿಸಲಿ. ನಡುವಿನವರು ನಾಲ್ಕು ಚಿತ್ರಗಳನ್ನು ಕ್ರಮವಾಗಿ ಜೋಡಿಸಲಿ. ದೊಡ್ಡವರು ಬೇರೆ ಕೊನೆ ಕಟ್ಟಿ ಹೇಳಲಿ, ಅದನ್ನು ಟೀಚರ್ ಅವರ ಮಾತಿನಲ್ಲೇ ಬರೆದು ಓದಿ ತೋರಿಸಲಿ.

ಬರವಣಿಗೆಯ ವಿಷಯದಲ್ಲಿ ಅವಸರವೇ ದೊಡ್ಡ ತೊಂದರೆ. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳಲ್ಲಿ ಹಲವು ಮೂರು ನಾಲ್ಕರ ವಯಸ್ಸಿನಲ್ಲಿ ಇನ್ನೂ ಮೂಳೆಯಾಗಿ ಗಟ್ಟಿಯಾಗಿರುವುದಿಲ್ಲ. ಆ ಕೈಗೆ ಪುಟಗಟ್ಟಲೆ ಅಕ್ಷರ ತಿದ್ದಿಸುವುದು ಹಿಂಸೆ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಆರು ವರ್ಷದವರಿಗೆ ಪಠ್ಯಪುಸ್ತಕವೇ ಬೇಡ ಎಂದಿದೆ. ಈ ವಯಸ್ಸಿನ ಕೈಗೆ ಬೇಕಾದ್ದು ಹಿಟ್ಟಿನುಂಡೆ ನಾದುವುದು, ಮಣಿ ಪೋಣಿಸುವುದು, ಬಟ್ಟೆ ಹಿಂಡುವುದು, ಮರಳು ಹರಡಿದ ತಟ್ಟೆಯಲ್ಲಿ ಬೆರಳಾಡಿಸುವುದು. ಕೈ ಸಿದ್ಧವಾದವರಿಗೆ ಅದೇ ಮರಳ ತಟ್ಟೆಯಲ್ಲಿ ರ, ಗ, ಸ, ದ, ಅ ಎಂದು ಒಂದರ ಆಕಾರ ಇನ್ನೊಂದಕ್ಕೆ ಹತ್ತಿರವಿರುವ ಅಕ್ಷರಗಳಿಂದ ಶುರುಮಾಡಬಹುದು. ಮರಳಿನಲ್ಲಿ ತಪ್ಪಾದರೆ ತಟ್ಟೆ ಅಲ್ಲಾಡಿಸಿದರಾಯಿತು; ಕೆಂಪು ಶಾಯಿಯ ಭಯವಿಲ್ಲ.

ಕಪಾಟು

ಸಾಮಗ್ರಿ ಇಲ್ಲ ಎನ್ನುವ ದೂರು ಎಲ್ಲೆಡೆ ಇದೆ. ಆದರೆ ಬಂದ ಕಿಟ್ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುವ ಕೋಣೆಗಳೂ ಬಹಳ. ಕಾರಣ ಸೋಮಾರಿತನವಲ್ಲ, ಹೆದರಿಕೆ. ದಾಸ್ತಾನು ಪುಸ್ತಕದಲ್ಲಿ ನಮೂದಾದ ವಸ್ತು ಮುರಿದರೆ, ಕಳೆದರೆ ಯಾರು ಉತ್ತರ ಕೊಡಬೇಕು? ಆಟಿಕೆ ಸವೆದರೆ ಅದು ಬಳಕೆಯಾಗಿದೆ ಎಂದರ್ಥ. ತಪಾಸಣೆಗೆ ಬರುವವರು ಹೊಸದಾಗಿ ಫಳಫಳಿಸುವ ಕಿಟ್ಟನ್ನು ಹೊಗಳುವುದನ್ನು ಬಿಟ್ಟು, ಸವೆದದ್ದನ್ನು ನೋಡಿ ಮೆಚ್ಚಿಕೊಳ್ಳುವಂತಾಗಬೇಕು. ಮುರಿದದ್ದನ್ನು ದಿನಾಂಕ ಹಾಕಿ ಒಂದು ಹಾಳೆಯಲ್ಲಿ ಬರೆದಿಟ್ಟು, ಮೇಲ್ವಿಚಾರಕಿ ಬಂದಾಗ ಸಹಿ ಹಾಕಿಸಿಕೊಂಡರೆ ಟೀಚರಿಗೂ ಧೈರ್ಯ.

ತೆರೆದ ಕಪಾಟಿನ ಮೇಲಿನ ಹಲಗೆ ನಾಲ್ಕು ವರ್ಷದ ಮಗುವಿನ ಎದೆಯ ಮಟ್ಟ ಮೀರಬಾರದು. ನೀವೇ ಮಂಡಿಯೂರಿ ಕೂತು ನೋಡಿ. ನಿಮ್ಮ ಕಣ್ಣಿಗೆ ಕಾಣದ್ದು ಮಗುವಿಗೂ ಕಾಣುವುದಿಲ್ಲ. ಕಪಾಟೇ ಇಲ್ಲದಿದ್ದರೆ ಹಣ್ಣಿನ ಅಂಗಡಿಯ ಪ್ಲಾಸ್ಟಿಕ್ ಕ್ರೇಟುಗಳನ್ನು ಮಗ್ಗುಲಾಗಿ ಜೋಡಿಸಿ ಬಿಗಿಯಾಗಿ ಕಟ್ಟಬಹುದು. ಜಾಗವೇ ಇಲ್ಲದ ಬಾಡಿಗೆ ಕೋಣೆಯಾದರೆ ಹಳೆಯ ಸೀರೆಗೆ ಸಾಲಾಗಿ ಜೇಬು ಹೊಲಿದು ಗೋಡೆಗೆ ಇಳಿಬಿಡಿ. ಸಂಜೆ ಸುತ್ತಿಟ್ಟರೆ ಮುಗಿಯಿತು.

ಒಂದು ಸಲಕ್ಕೆ ಹೊರಗಿಡುವ ಸಾಮಗ್ರಿ ಹತ್ತು ಹದಿನೈದಕ್ಕಿಂತ ಹೆಚ್ಚು ಬೇಡ. ಇದನ್ನು ಒಪ್ಪಲು ಅನೇಕರಿಗೆ ಕಷ್ಟವಾಗುತ್ತದೆ, ಎಲ್ಲವನ್ನೂ ಇಟ್ಟರೆ ಮಕ್ಕಳಿಗೆ ಖುಷಿ ಅನ್ನಿಸುತ್ತದೆ. ನಡೆಯುವುದು ಬೇರೆ: ಎಲ್ಲವನ್ನೂ ಕೆಡವುತ್ತಾರೆ, ಯಾವುದರಲ್ಲೂ ನಿಲ್ಲುವುದಿಲ್ಲ. ಉಳಿದದ್ದು ಒಳಗಿರಲಿ. ಎರಡು ವಾರಕ್ಕೊಮ್ಮೆ ಮೂರು ನಾಲ್ಕನ್ನು ಬದಲಿಸಿ, ಪೂರ್ತಿ ಕಪಾಟನ್ನು ಒಮ್ಮೆಗೇ ಬದಲಿಸಬೇಡಿ. ಚಿಕ್ಕ ಮಗು ತನಗೆ ಗೊತ್ತಿರುವ ಡಬ್ಬಿ ಕಾಣದಿದ್ದರೆ ಗಲಿಬಿಲಿಗೊಳ್ಳುತ್ತದೆ.

ಪ್ರತಿ ಸಾಮಗ್ರಿಗೂ ಒಂದು ತಟ್ಟೆ ಅಥವಾ ಬುಟ್ಟಿ, ಅದರಲ್ಲಿ ಆ ಆಟಕ್ಕೆ ಬೇಕಾದ ಎಲ್ಲವೂ. ಮಣೆಯ ಜತೆ ಬೀಜದ ಬಟ್ಟಲು, ಚುಕ್ಕಿ ಕಾರ್ಡು. ಮರಳ ತಟ್ಟೆಯ ಜತೆ ಪುಟ್ಟ ಪೊರಕೆ. ಹಲಗೆಯ ಮೇಲೆ ತಟ್ಟೆಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ವಸ್ತುವಿನ ಚಿತ್ರ ಬಿಡಿಸಿ, ಚಿತ್ರದ ಕೆಳಗೆ ಹೆಸರು ದೊಡ್ಡದಾಗಿ ಬರೆಯಿರಿ. ಮೂರು ವರ್ಷದ ಮಗು ಗೆರೆ ನೋಡಿ ಇಡುತ್ತದೆ, ನಾಲ್ಕರ ಮಗು ಚಿತ್ರ ನೋಡಿ, ಐದೂವರೆಯದು ಹೆಸರು ಗುರುತಿಸಿ. ವಸ್ತುವನ್ನು ವಾಪಸ್ ಇಡುವ ಕೆಲಸವೇ ಮೂವರಿಗೂ ಅವರವರ ಮಟ್ಟದ ಪಾಠವಾಗುತ್ತದೆ. ಒಂದು ಬಗೆಯ ಆಟಗಳಲ್ಲಿ ಸುಲಭದ್ದು ಎಡಕ್ಕೆ, ಕಷ್ಟದ್ದು ಬಲಕ್ಕೆ ಇದ್ದರೆ, ಒಂದನ್ನು ಮುಗಿಸಿದ ಮಗು ಕೇಳದೆಯೇ ಪಕ್ಕದ್ದಕ್ಕೆ ಕೈಹಾಕುತ್ತದೆ. ಹಂತಕ್ಕೆ ಬಣ್ಣದ ಚುಕ್ಕಿ ಅಂಟಿಸುವ ಪದ್ಧತಿ ಕೆಲವೆಡೆ ಇದೆ, ನನಗದು ಹಿಡಿಸದು. "ನೀನಿನ್ನೂ ಕೆಂಪು, ನಾನು ಹಸಿರು" ಎಂದು ಮಕ್ಕಳು ಮೂರೇ ದಿನಕ್ಕೆ ಆಡಿಕೊಳ್ಳಲು ಶುರುಮಾಡುತ್ತಾರೆ.

ಮೊದಲ ತಿಂಗಳು ಆಟಕ್ಕಿಂತ ಹೆಚ್ಚು ಸಮಯ ತೆಗೆಯುವುದೂ ಇಡುವುದೂ ಕಲಿಸುವುದಕ್ಕೇ ಹೋಗುತ್ತದೆ, ಹೋಗಲಿ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಕೂತವರನ್ನು ತುಳಿಯದೆ ನಡೆದು, ಚಾಪೆಯ ಮೇಲಿಟ್ಟು, ಮುಗಿದ ಮೇಲೆ ಅಲ್ಲಿಗೇ ಒಯ್ಯುವುದನ್ನು ಟೀಚರ್ ಮಾತಿಲ್ಲದೆ ನಿಧಾನವಾಗಿ ಮಾಡಿ ತೋರಿಸಬೇಕು. ಎತ್ತಿಡುವ ಹೊತ್ತಿಗೆಂದೇ ಒಂದು ಹಾಡು ಇರಲಿ. ಶನಿವಾರ ಹರಿದ ಕಾರ್ಡಿಗೆ ಟೇಪು ಹಚ್ಚುವುದನ್ನೂ ಬೀಜ ಒರೆಸುವುದನ್ನೂ ದೊಡ್ಡ ಮಕ್ಕಳಿಗೆ ವಹಿಸಿ.

ಟೀಚರ್ ಎಲ್ಲಿ ಕೂರಬೇಕು?

ಇಷ್ಟಾದ ಮೇಲೆ ಟೀಚರಿಗೆ ಸಮಯ ಸಿಗುತ್ತದೆ. ಆ ಸಮಯದಲ್ಲಿ ಅವರು ನಾಲ್ಕೈದು ಮಕ್ಕಳ ಗುಂಪಿನ ಜತೆ ನೆಲದ ಮೇಲೆ ಕೂರಬೇಕು. ಇನ್ನೊಂದು ಗುಂಪು ಗೊತ್ತಿರುವ ಆಟವನ್ನು ತಾನೇ ಆಡುತ್ತಿರುತ್ತದೆ, ಮತ್ತೊಂದರಲ್ಲಿ ದೊಡ್ಡ ಮಕ್ಕಳು ಚಿಕ್ಕವರ ಜತೆ ಇರುತ್ತಾರೆ. ಹದಿನೈದು ನಿಮಿಷಕ್ಕೆ ಗುಂಪು ಬದಲಿಸಬಹುದು. ಹೊಸದನ್ನು ಟೀಚರ್ ಎದುರಲ್ಲೇ ಕಲಿಯಬೇಕು. ಟೀಚರ್ ಇಲ್ಲದ ಗುಂಪಿಗೆ ಹಳೆಯದನ್ನೇ ಕೊಡಬೇಕು. ಈ ನಿಯಮ ತಪ್ಪಿದರೆ ಎರಡು ನಿಮಿಷಕ್ಕೊಮ್ಮೆ "ಮಿಸ್, ಇದು ಬರ್ತಿಲ್ಲ" ಎಂಬ ಕೂಗು ಏಳುತ್ತದೆ.

ನಲಿಕಲಿ ಕಂಡವರಿಗೆ ಇದು ಹೊಸತಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಬೇರೆ ಬೇರೆ ಹಂತದ ಮಕ್ಕಳು ಒಟ್ಟಿಗೆ ಕಲಿಯುವುದನ್ನು ನೋಡಿ ಬಂದು ಇಲ್ಲಿ ಆರಂಭಿಸಿದ ಪದ್ಧತಿ ಅದು. ಕಲಿಕಾ ಏಣಿ, ‘ತಟ್ಟೆ’ ಎಂದು ಕರೆಯುವ ಮಕ್ಕಳ ಗುಂಪುಗಳು, ಮಕ್ಕಳ ಎತ್ತರಕ್ಕೇ ಇರುವ ಗೋಡೆಯ ಕಪ್ಪುಹಲಗೆ, ಮಕ್ಕಳ ಕೆಲಸಗಳನ್ನು ತೂಗುಹಾಕುವ ಚಪ್ಪರ ಎಲ್ಲವೂ ಅದರ ಭಾಗ. ಶಾಲಾಪೂರ್ವ ಕೋಣೆಗೆ ಏಣಿ, ಕಾರ್ಡುಗಳನ್ನು ಹಾಗೇ ಇಳಿಸುವುದು ಬೇಡ, ಅದು ದೊಡ್ಡ ಮಕ್ಕಳಿಗೆ ಮಾಡಿದ್ದು. ಟೀಚರ್ ಒಂದು ತಟ್ಟೆಯಲ್ಲಿ ಕೂತು ಉಳಿದ ಮಕ್ಕಳನ್ನು ನಂಬಿ ಬಿಡುವ ಕ್ರಮವನ್ನು ಮಾತ್ರ ಅಲ್ಲಿಂದ ತಪ್ಪದೆ ಕಲಿಯಬೇಕು. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿಸಿ ಮಗುವಿಗೊಂದು ಚೌಕ ಕೊಡುವುದನ್ನಂತೂ ಈ ವರ್ಷವೇ ಮಾಡಬಹುದು.

ಮನೆಮಾತು ಬೇರೆಯಾದಾಗ

ತಾಂಡಾದಿಂದ ಬರುವ ಮಗುವಿನ ಮನೆಮಾತು ಲಂಬಾಣಿ. ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ. ಗಡಿಯಲ್ಲಿ ಮರಾಠಿ, ತೆಲುಗು. ಎಷ್ಟೋ ಊರುಗಳಲ್ಲಿ ಉರ್ದು. ಇಂಥ ಮಗು ಮಾತಾಡದಿದ್ದರೆ ಹಿಂದುಳಿದಿದೆ ಎಂದು ತೀರ್ಮಾನಿಸಬೇಡಿ. ಅದರ ಲೆಕ್ಕವನ್ನು ಬೀಜದಲ್ಲಿ ನೋಡಿ, ಕೈಯನ್ನು ಮಣಿಯಲ್ಲಿ ನೋಡಿ. ಕಪಾಟಿನ ಚಿತ್ರಗಳು ಇಂಥವರಿಗೇ ಹೆಚ್ಚು ಆಸರೆ. ನೀರು, ಊಟ, ಅಮ್ಮ, ಬಾ, ಕೂತ್ಕೋ ಎಂಬ ಹತ್ತಿಪ್ಪತ್ತು ಮಾತುಗಳನ್ನು ಆ ಮಗುವಿನ ತಾಯಿಯಿಂದ ಕೇಳಿ ಕಲಿತು ಟೀಚರ್ ಬಳಸಿದರೆ ಮಗು ಬೇಗ ಬಾಯಿಬಿಡುತ್ತದೆ. ಅದೇ ಭಾಷೆಯ ಇನ್ನೊಂದು ಮಗುವಿದ್ದರೆ ಮೊದಲ ತಿಂಗಳು ಜೋಡಿ ಮಾಡಿ ಕೂರಿಸಿ.

ಕೇಳುವುದರಲ್ಲಿ, ನೋಡುವುದರಲ್ಲಿ, ನಡೆಯುವುದರಲ್ಲಿ ತೊಂದರೆಯಿರುವ ಮಗುವಿಗೂ ಸಾಮಗ್ರಿಯನ್ನು ತುಸು ಬದಲಿಸಿದರೆ ಅದೇ ಆಟ ಸಾಧ್ಯ. ಮಣೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಮಣೆ ಜಾರುವುದಿಲ್ಲ. ದಪ್ಪ ಕ್ರೆಯಾನಿಗೆ ಬಟ್ಟೆ ಸುತ್ತಿದರೆ ಹಿಡಿತ ಸಿಗುತ್ತದೆ. ಚುಕ್ಕಿ ಕಾರ್ಡಿನ ಚುಕ್ಕಿಗಳಿಗೆ ಮರಳು ಕಾಗದ ಅಂಟಿಸಿದರೆ ಬೆರಳಿಗೆ ತಿಳಿಯುತ್ತದೆ. ಅನುಮಾನ ಬಂದಾಗ ತಾಯಿಗೆ ಹೇಳಿ ಆರೋಗ್ಯ ಕೇಂದ್ರಕ್ಕೆ ಕಳಿಸುವುದನ್ನು ಮುಂದೂಡಬೇಡಿ. ಕಿವಿ ಕೇಳದ ಎಷ್ಟೋ ಮಕ್ಕಳಿಗೆ ಹಟಮಾರಿ ಎಂಬ ಹೆಸರು ಬಂದಿರುತ್ತದೆ.

ತಂದೆತಾಯಿಗೆ ಏನು ಹೇಳುವುದು?

"ಬರೀ ಆಟ ಆಡಿಸ್ತೀರಲ್ಲ ಟೀಚರ್, ಎಬಿಸಿಡಿ ಯಾವಾಗ ಬರೆಸ್ತೀರಿ?" ಎಂದು ಕೇಳುವ ತಾಯಂದಿರ ಆತಂಕ ನಿಜವಾದದ್ದು, ಪಕ್ಕದ ಮನೆಯ ಮಗು ಕಾನ್ವೆಂಟಿನಲ್ಲಿ ಪುಟಗಟ್ಟಲೆ ಬರೆಯುವುದನ್ನು ಅವರು ದಿನವೂ ನೋಡುತ್ತಾರೆ. ಭಾಷಣದಿಂದ ಈ ಆತಂಕ ಹೋಗದು. ತಿಂಗಳಿಗೊಮ್ಮೆ ಅರ್ಧ ಗಂಟೆ ಅವರನ್ನೇ ಚಾಪೆಯ ಮೇಲೆ ಕೂರಿಸಿ. ಮಗು ಕಪಾಟಿನಿಂದ ಮಣೆ ತಂದು ಅಮ್ಮನ ಎದುರು ಆಡಲಿ. "ಐದು ಕೊಡು" ಎಂದು ಅಮ್ಮನೇ ಕೇಳಲಿ. ಜೂನ್‌ನಲ್ಲಿ ಬರೆದ ಸಾಲನ್ನೂ ನವೆಂಬರಿನ ಸಾಲನ್ನೂ ಓದಿ ಹೇಳಿ. ಬೀಜ, ಹಳೆ ಸೀರೆ, ಖಾಲಿ ಡಬ್ಬಿಗಳನ್ನು ಮುಂದಿನ ವಾರದಿಂದ ಅವರೇ ತಂದುಕೊಡಲು ಶುರುಮಾಡುತ್ತಾರೆ.

ವರ್ಷದ ಕೊನೆಗೆ ಒಂದನೇ ತರಗತಿಗೆ ಹೊರಟ ಮಕ್ಕಳ ಪುಟಗಳನ್ನು ನೋಟ್‌ಬುಕ್ಕಿನಿಂದ ನಕಲು ಮಾಡಿ ಶಾಲೆಯ ನಲಿಕಲಿ ಶಿಕ್ಷಕರ ಕೈಗೆ ಕೊಡಿ. ಕೊಡುವಾಗ ಹತ್ತು ನಿಮಿಷ ಕೂತು ಮಾತಾಡಿ: ಈ ಮಗು ಹತ್ತರವರೆಗೆ ಎಣಿಸಿ ಕೊಡುತ್ತದೆ, ಬಳಪದ ಹಿಡಿತ ಇನ್ನೂ ಕೂಡಿಲ್ಲ, ಮನೆಯಲ್ಲಿ ಉರ್ದು, ಎಡಗೈ ಬಳಸುತ್ತದೆ, ಬದಲಾಯಿಸಲು ಹೋಗಬೇಡಿ. ಅಷ್ಟು ತಿಳಿದಿದ್ದರೆ ಆ ಶಿಕ್ಷಕರು ಜೂನ್‌ನಲ್ಲಿ ಮಗುವನ್ನು ಸರಿಯಾದ ತಟ್ಟೆಯಲ್ಲೇ ಕೂರಿಸುತ್ತಾರೆ.